ಹೆಲ್ಸಿಂಕಿ–ಟೋಕಿಯೊ: ಒಂಬತ್ತೂವರೆ ಗಂಟೆಯ ದಾರಿ ಹದಿಮೂರಾದ ಕತೆ

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಹೆಲ್ಸಿಂಕಿಯಿಂದ ಟೋಕಿಯೊಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಹೆಚ್ಚುಕಡಿಮೆ ಉದ್ದಕ್ಕೂ ರಷ್ಯಾದ ಮೇಲೆಯೇ ಹಾಯುತ್ತದೆ. ಲೆಕ್ಕ ಹಾಕಿದರೆ ಸುಮಾರು 7,800 ಕಿ.ಮೀ., ಒಂಬತ್ತೂವರೆ ಗಂಟೆಯ ಪ್ರಯಾಣ. ಆದರೆ 2022ರಿಂದೀಚೆಗೆ ಫಿನ್ಲೆಂಡ್‌ನ ವಿಮಾನಯಾನ ಕಂಪನಿ ಫಿನ್‌ಏರ್‌ನ ವಿಮಾನ ಹತ್ತಿದವರು ಹದಿಮೂರು ಗಂಟೆಯಷ್ಟು ಕೂರಬೇಕಾಗಿದೆ. ಈ ಊರುಗಳ ನಡುವಿನ ದಾರಿಯನ್ನು ರಾಜಕೀಯ ಹೀಗೆ ಹಿಗ್ಗಿಸಿರುವುದು ಮೊದಲ ಸಲವೇನಲ್ಲ.

ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಒಡೆಯ ಎಂದು 1944ರ ಶಿಕಾಗೊ ಒಪ್ಪಂದ ಹೇಳುತ್ತದೆ. ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ಸೈಬೀರಿಯಾದ ಆಕಾಶವನ್ನು ಬಹುಮಟ್ಟಿಗೆ ಮುಚ್ಚಿಕೊಂಡಿತ್ತು. ಹಾಗಾಗಿ ಸ್ಕ್ಯಾಂಡಿನೇವಿಯಾದ ವಿಮಾನಯಾನ ಕಂಪನಿ ಎಸ್‌ಎಎಸ್ 1957ರಲ್ಲಿ ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಕಡೆಯಿಂದ ಸುತ್ತಿ, ಅಲಾಸ್ಕದ ಆ್ಯಂಕರೇಜ್‌ನಲ್ಲಿ ಇಳಿದು ಟೋಕಿಯೊ ಮುಟ್ಟುವ ದಾರಿ ಹಿಡಿಯಿತು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ತನ್ನ ಡಿಸಿ-10 ವಿಮಾನಕ್ಕೆ ಹೆಚ್ಚುವರಿ ಇಂಧನ ಟ್ಯಾಂಕ್ ಅಳವಡಿಸಿ, ಎಲ್ಲೂ ನಿಲ್ಲದೆ ಧ್ರುವದ ಮೇಲಿನಿಂದ ಹಾರಿಸಿತು. ಆಗಲೂ ಹದಿಮೂರು ಗಂಟೆಯೇ.

ಸುತ್ತು ಬೇಡವೆಂದು ಯಾರೂ ಒಳಗೆ ನುಗ್ಗುವಂತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು ಆ್ಯಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. ಒಳಗಿದ್ದ 269 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಶುಲ್ಕ ಕಟ್ಟಿದವರಿಗೆ ಸೈಬೀರಿಯಾದ ದಾರಿ ಸಲೀಸಾಯಿತು. ಫಿನ್ಲೆಂಡ್‌ನಂಥ ಪುಟ್ಟ ದೇಶಕ್ಕೆ ಇದರಿಂದ ಆದ ಲಾಭ ಅಷ್ಟಿಷ್ಟಲ್ಲ. ಹೆಲ್ಸಿಂಕಿಯಿಂದ ಹೊರಟ ವಿಮಾನ ಪೂರ್ವ ಏಷ್ಯಾ ಮುಟ್ಟಿ ಇಪ್ಪತ್ನಾಲ್ಕು ಗಂಟೆಯೊಳಗೆ ವಾಪಸ್ಸಾಗುತ್ತಿತ್ತು. ಅಂದರೆ ದಿನಕ್ಕೊಂದು ಹಾರಾಟಕ್ಕೆ ಒಂದೇ ವಿಮಾನ ಸಾಕು. ಫಿನ್‌ಏರ್ ತನ್ನ ವ್ಯಾಪಾರವನ್ನೆಲ್ಲ ಈ ಲೆಕ್ಕದ ಮೇಲೆ ಕಟ್ಟಿಕೊಂಡಿತ್ತು.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಯುರೋಪಿಯನ್ ಒಕ್ಕೂಟ ರಷ್ಯಾದ ವಿಮಾನಗಳಿಗೆ ಬಾಗಿಲು ಹಾಕಿತು. ಮರುದಿನವೇ ರಷ್ಯಾ 36 ದೇಶಗಳ ಕಂಪನಿಗಳಿಗೆ ತನ್ನ ಬಾಗಿಲು ಹಾಕಿತು. ಮೂವತ್ತು ವರ್ಷದ ಲೆಕ್ಕ ಒಂದೇ ವಾರದಲ್ಲಿ ತಲೆಕೆಳಗಾಯಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಟೋಕಿಯೊಗೆ ಹಾರಲು ಶುರುಮಾಡಿದಾಗ ಅದರ ಮುಂದಿದ್ದದ್ದು ಎರಡೇ ದಾರಿ: ದಕ್ಷಿಣಕ್ಕೆ ಇಳಿದು ಟರ್ಕಿ, ಕಜಕಸ್ತಾನ, ಚೀನಾ ದಾಟುವುದು, ಇಲ್ಲವೇ ಹಳೆಯ ಧ್ರುವದ ದಾರಿ.

ಇಲ್ಲಿ ಗಾಳಿಯ ಮಾತೂ ನಡೆಯುತ್ತದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಟೋಕಿಯೊಗೆ ಹೋಗುವಾಗ ಬೆನ್ನಿಗೆ ಸಿಗುತ್ತದೆ, ಬರುವಾಗ ಎದುರಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಹೋಗುವುದು ದಕ್ಷಿಣದಿಂದ, ಬರುವುದು ರಷ್ಯಾ–ಅಲಾಸ್ಕಗಳ ನಡುವಿನ ಬೇರಿಂಗ್ ಜಲಸಂಧಿ ದಾಟಿ ಧ್ರುವದ ಮೇಲಿನಿಂದ. ಆ ದಾರಿ ಸುಮಾರು 13,000 ಕಿ.ಮೀ. ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಸಾಮಾನ್ಯ ವಿಮಾನ ಇಂಧನ ಮೈನಸ್ 47 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಟ್ಯಾಂಕಿನ ಉಷ್ಣಾಂಶದ ಮೇಲೆ ಪೈಲಟ್ ಕಣ್ಣಿಟ್ಟಿರಬೇಕು. ಧ್ರುವ ದಾಟಿದ ಪ್ರಯಾಣಿಕರ ಕೈಗೆ ಗಗನಸಖಿಯರು ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ನೋಡಲು ಚೆಂದದ ಕಾಗದ. ಅದರ ಹಿಂದಿದ್ದದ್ದು ಯುದ್ಧ.

ಹೀಗೆ ಆಕಾಶ ಮುಚ್ಚುವುದರ ಬಿಸಿ ಭಾರತೀಯರಿಗೂ ತಟ್ಟಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೊರಡುವ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆಗೆ ಸುತ್ತಬೇಕಾಯಿತು. ಅತ್ತ ಚೀನಾದ ಕಂಪನಿಗಳಿಗೆ ರಷ್ಯಾ ದಾರಿ ಬಿಟ್ಟುಕೊಟ್ಟಿತ್ತು. ಫಿನ್‌ಏರ್ ಸುತ್ತಿ ಬರುತ್ತಿದ್ದ ಕಾಲದಲ್ಲೇ ಅವು ಸೈಬೀರಿಯಾದ ಮೇಲೆ ನೇರವಾಗಿ ಹಾರಿ ಯುರೋಪಿಗೆ ಬಂದಿಳಿಯುತ್ತಿದ್ದವು.