ಮೆಕ್ಸಿಕೋದಲ್ಲಿ ಕಾರ್ ಓಡಿಸ್ತೀರಾ? ಬಂಕಲ್ಲಿ ಕೆಳಗೆ ಇಳಿಯಿರಿ

ಓದುಗರ ಪ್ರಶ್ನೆ: ಮಗ ಗ್ವಾದಲಹಾರಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಾನೂ ನಮ್ಮ ಮನೆಯವರೂ ಹೋಗ್ತಾ ಇದ್ದೇವೆ. ಬಾಡಿಗೆ ಕಾರ್ ತಗೊಂಡು ಹತ್ತು ದಿನ ಸುತ್ತೋ ಯೋಚನೆ ಇದೆ. ಅಲ್ಲಿನ ಪೆಟ್ರೋಲ್ ಬಂಕ್‌ಗಳಲ್ಲಿ ಮೋಸ ಜಾಸ್ತಿ ಅಂತ ಎಲ್ಲರೂ ಹೆದರಿಸ್ತಾರೆ. ಯಾವ ಬಂಕ್ ನಂಬಬಹುದು, ಹೇಗೆ ಕಂಡುಹಿಡಿಯೋದು? – ಹಾಸನದಿಂದ ಒಬ್ಬರು

ನಿಮ್ಮ ಊರೇ ನಮ್ಮ ಊರು, ಹಾಗಾಗಿ ನೇರವಾಗಿ ಹೇಳ್ತೀನಿ. ನಂಬೋ ಬಂಕ್ ಯಾವುದು ಅಂತ ರಸ್ತೆಯಿಂದ ನೋಡಿ ಕಂಡುಹಿಡಿಯೋಕೆ ಆಗಲ್ಲ. ಬೋರ್ಡ್ ಹೊಳೀತಿದೆ, ಟಾಯ್ಲೆಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಅಳತೆ ಸರಿ ಇರುತ್ತೆ ಅಂತೇನಿಲ್ಲ. ಬಂಕ್ ಯಾವುದೇ ಆಗಿರಲಿ, ನಿಮಗೆ ಮೋಸ ಮಾಡೋದು ಕಷ್ಟ ಅಂತ ಅಲ್ಲಿನ ಹುಡುಗನಿಗೆ ಮೊದಲ ಅರ್ಧ ನಿಮಿಷದಲ್ಲೇ ಗೊತ್ತಾಗಬೇಕು, ಅಷ್ಟೇ.

ಇದನ್ನ ನಾನು ಕಲಿತದ್ದು ಮೆಕ್ಸಿಕೋದಲ್ಲಲ್ಲ, ಇಲ್ಲೇ, ಹಾಸನದ ಹತ್ತಿರ. ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳು. ಮನೆ ತುಂಬ ನೆಂಟರು, ಕಾರ್ ತುಂಬ ಮಕ್ಕಳು, ಬಂಕ್ ತುಂಬ ಬೇರೆ ಊರಿನ ಗಾಡಿಗಳು. ಸಾವಿರದೈನೂರಕ್ಕೆ ಹಾಕಪ್ಪ ಅಂದೆ. ಹುಡುಗ 'ಜೀರೋ ನೋಡ್ಕೊಳ್ಳಿ ಸಾರ್' ಅಂದ, ನೋಡಿದೆ, ಸೊನ್ನೆನೇ ಇತ್ತು. ಐನೂರಕ್ಕೆ ನಿಲ್ಲಿಸಿಬಿಟ್ಟ. 'ಐನೂರು ಅಂದ್ರಿ ಅಂದ್ಕೊಂಡೆ, ಇರಿ, ಇನ್ನು ಸಾವಿರ ಹಾಕ್ತೀನಿ' ಅಂದ. ಅಷ್ಟರಲ್ಲಿ ಇನ್ನೊಬ್ಬ ಬಂದು ಈ ಕಡೆ ಕಿಟಕಿ ಹತ್ತಿರ ನಿಂತು, ಫೋನ್‌ಪೇನಾ ಕ್ಯಾಶಾ, ಸ್ಕ್ಯಾನರ್ ಆ ಕಂಬದ ಹತ್ತಿರ ಇದೆ, ಗಾಡಿ ನಂಬರ್ ಎಷ್ಟು ಅಂತ ಶುರು ಮಾಡಿದ. ನಾನು ತಿರುಗಿ ನೋಡೋ ಹೊತ್ತಿಗೆ ಮೀಟರ್‌ನಲ್ಲಿ ಸಾವಿರ. 'ಸಾವಿರ ಆಯ್ತು ಸಾರ್, ಮೊದಲಿನ ಐನೂರು ಸೇರಿ ಸಾವಿರದೈನೂರು.' ಕೊಟ್ಟೆ, ಬಂದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಮುಳ್ಳು ಯಾಕೋ ಕೆಳಗಿದೆಯಲ್ಲ ಅಂತ ಲೆಕ್ಕ ಹಾಕಿದಾಗ ಹೊಳೀತು. ಅವನು ಗನ್ನನ್ನ ಕೊಕ್ಕೆಗೆ ವಾಪಸ್ ಸಿಕ್ಕಿಸಿರಲೇ ಇಲ್ಲ. ಸಿಕ್ಕಿಸಿ ಮತ್ತೆ ತೆಗೆದಿದ್ದರೆ ಮೀಟರ್ ಸೊನ್ನೆಗೆ ಬರುತ್ತಿತ್ತು. ಅದು ಐನೂರರಿಂದಲೇ ಮುಂದುವರಿದು ಸಾವಿರಕ್ಕೆ ನಿಂತಿತ್ತು. ಟ್ಯಾಂಕ್‌ಗೆ ಬಿದ್ದದ್ದು ಒಟ್ಟು ಸಾವಿರದ್ದು, ನಾನು ಕೊಟ್ಟದ್ದು ಸಾವಿರದೈನೂರು.

ಇಷ್ಟು ಉದ್ದ ಯಾಕೆ ಹೇಳಿದೆ ಅಂದ್ರೆ, ಮೆಕ್ಸಿಕೋದಲ್ಲೂ ಬಂಕ್ ನಡೆಯೋದು ನಮ್ಮ ಹಾಗೇನೇ. ನಾವೇ ಇಳಿದು ಹಾಕಿಕೊಳ್ಳೋ ಪದ್ಧತಿ ಕಡಿಮೆ, ಹುಡುಗರು ಹಾಕ್ತಾರೆ, ಗಾಜು ಒರೆಸ್ತಾರೆ, ಟಿಪ್ಸ್ ತಗೋತಾರೆ. ಮೋಸ ಮಾಡೋರ ಕೈಚಳಕವೂ ಇದೇ: ಸೊನ್ನೆ ಮಾಡದೆ ಹಾಕೋದು, ಮಧ್ಯ ನಿಲ್ಲಿಸೋದು, ಇನ್ನೊಬ್ಬ ಬಂದು ಮಾತಿಗೆಳೆಯೋದು. ಅಲ್ಲಿ ನಿಮಗೆ ಭಾಷೆ ಬರಲ್ಲ, ನೋಟು ಗುರುತು ಸಿಗಲ್ಲ, ಮೇಲಾಗಿ ಮತ್ತೆ ಆ ಬಂಕ್‌ಗೆ ನೀವು ಹೋಗಲ್ಲ, ಅದು ಅವನಿಗೂ ಗೊತ್ತು.

ಅದಕ್ಕೆ ಮೊದಲ ಕೆಲಸ, ಗಾಡಿ ನಿಂತ ತಕ್ಷಣ ಕೆಳಗೆ ಇಳಿಯಿರಿ. ಒಳಗೆ ಕೂತು ಕತ್ತು ತಿರುಗಿಸಿ ನೋಡೋದಲ್ಲ, ಇಳಿದು ಪಂಪ್ ಪಕ್ಕದಲ್ಲೇ ನಿಲ್ಲಿ. ಇಬ್ಬರು ಇದ್ದೀರಲ್ಲ, ಮೀಟರ್ ಒಬ್ಬರಿಗೆ, ದುಡ್ಡು ಒಬ್ಬರಿಗೆ ಅಂತ ಮನೆಯಲ್ಲೇ ಹಂಚಿಕೊಂಡು ಹೋಗಿ. ಮೀಟರ್ ನೋಡೋರು ಯಾರ ಜೊತೆಗೂ ಮಾತಾಡಬಾರದು, ಗಾಜು ಒರೆಸೋನು ಯಾವ ದೇಶ ಅಂತ ಎಷ್ಟು ಪ್ರೀತಿಯಿಂದ ಕೇಳಿದ್ರೂ ಸರಿ. ಮಧ್ಯದಲ್ಲಿ ನಿಲ್ಲಿಸಿದ್ರೆ ಮುಂದುವರಿಸೋಕೆ ಬಿಡಬೇಡಿ. ಅಷ್ಟಕ್ಕೆ ದುಡ್ಡು ಕೊಟ್ಟು, ರಸೀದಿ ತಗೊಂಡು, ಗನ್ ವಾಪಸ್ ಇಡಿಸಿ, ಮತ್ತೆ ಸೊನ್ನೆಯಿಂದ ಹಾಕಿಸಿ. ಈ ಒಂದು ಹಠ ಅವತ್ತು ನನಗೆ ಇದ್ದಿದ್ರೆ ಐನೂರು ಉಳೀತಿತ್ತು.

ಭಾಷೆ ಅಂದ್ರೆ ನಾಲ್ಕು ಮಾತು ಸಾಕು. 'ಯೆನೋ' ಅಂದ್ರೆ ಫುಲ್. 'ಎನ್ ಸೆರೋಸ್, ಪೋರ್ ಫಾವೋರ್' ಅಂದ್ರೆ ಸೊನ್ನೆಯಿಂದ ಹಾಕಪ್ಪ ಅಂತ. ಇದನ್ನ ಹೇಳಿದ್ರೆ ಅಲ್ಲಿ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅಲ್ಲಿನವರೂ ಹೇಳ್ತಾರೆ. 'ಕಿನ್ಯೆಂತೋಸ್' ಐನೂರು. 'ದೋಸ್ಯೆಂತೋಸ್' ಇನ್ನೂರು, ಮುಂದೆ ದೋಸೆ ಇದೆ ಅಂತ ನೆನಪಿಟ್ಟುಕೊಳ್ಳಿ. ಮತ್ತೆ ಅಮೆರಿಕದವರ ಹಾಗೆ 'ಗ್ಯಾಸ್' ಅನ್ನಬೇಡಿ, ಅಲ್ಲಿ ಗ್ಯಾಸ್ ಅಂದ್ರೆ ಅಡುಗೆ ಗ್ಯಾಸೇ. ಪೆಟ್ರೋಲ್‌ಗೆ 'ಗಸೊಲೀನಾ', ಬಂಕ್‌ಗೆ 'ಗಸೊಲಿನೇರಾ'.

ಪೆಟ್ರೋಲ್‌ನಲ್ಲಿ ಎರಡು ಬಗೆ. ಮಾಗ್ನಾ ಅನ್ನೋದು 87 ಆಕ್ಟೇನ್, ಹಸಿರು ಬಣ್ಣದ ಗನ್. ಪ್ರೀಮಿಯಂ 91, ಕೆಂಪು. ಡೀಸೆಲ್ ಕಪ್ಪು. ಬಾಡಿಗೆಗೆ ಸಿಗೋ ಸಾಮಾನ್ಯ ಕಾರ್‌ಗೆ ಹಸಿರು ಸಾಕು. ಆದರೂ ಕ್ಯಾಪ್ ಮೇಲೆ ಏನು ಬರೆದಿದೆ ಅಂತ ನೋಡಿ, ಬಾಡಿಗೆ ಆಫೀಸಿನಲ್ಲೇ ಒಂದು ಮಾತು ಕೇಳಿಕೊಳ್ಳಿ. 'ವೆರ್ದೆ' ಅಂದ್ರೆ ಹಸಿರು. ಹೊರದೇಶದ ಮುಖ ನೋಡಿ ಕೇಳದೇನೇ ಕೆಂಪು ಗನ್ ಎತ್ತಿಕೊಳ್ಳೋನು ಇರ್ತಾನೆ. ಅದು ಕಳ್ಳತನ ಅಂತಲ್ಲ, ನಿಮ್ಮ ದುಡ್ಡಲ್ಲಿ ಅವನ ಧಾರಾಳತನ.

ಈಗ ನೋಟಿನ ವಿಷಯ. ನನ್ನ ಪ್ರಕಾರ ನಮ್ಮಂಥವರು ಬೀಳೋ ಹಳ್ಳ ಇದೇ. 2018ರಲ್ಲಿ ಬಂದ ಐನೂರು ಪೆಸೊ ನೋಟು ನೀಲಿ, ಅದರ ಮೇಲೆ ಬೆನಿತೋ ಹುವಾರೆಸ್ ಚಿತ್ರ. ಇಪ್ಪತ್ತು ಪೆಸೊದ ಹಳೇ ನೋಟೂ ನೀಲಿ, ಅದರ ಮೇಲೂ ಅದೇ ಹುವಾರೆಸ್. ಅಲ್ಲಿಯವರೇ ಗೊಂದಲ ಮಾಡ್ಕೊಂಡಿದ್ದಾರೆ. ಮೂರು ವರ್ಷದ ಹಿಂದೆ ಷಡ್ಡಕರ ಮನೆಗೆ ಹೋಗಿದ್ದಾಗ ಅವರ ಕಾರ್ ತಗೊಂಡು ತೆಕೀಲಾ ಊರಿನ ಕಡೆ ಹೊರಟಿದ್ದೆ. ದಾರಿಯಲ್ಲಿ ಒಂದು ಬಂಕ್, ಐನೂರಕ್ಕೆ ಹಾಕಿಸಿದೆ. ಮೀಟರ್ ಸರಿಯಾಗೇ ಇತ್ತು, ಹಾಸನದ ಪಾಠ ಮರೆತಿರಲಿಲ್ಲವಲ್ಲ. ಗೆದ್ದೆ ಅಂದುಕೊಂಡು ನೋಟು ಮಡಚಿದ್ದು ಮಡಚಿದ ಹಾಗೇ ಕೊಟ್ಟೆ. ಅವನು ಅರ್ಧ ಹೆಜ್ಜೆ ತಿರುಗಿದ, ವಾಪಸ್ ತಿರುಗಿ ಕೈಯಲ್ಲಿ ಇಪ್ಪತ್ತರ ನೋಟು ತೋರಿಸಿದ. ನಾನು ಕನ್ನಡದಲ್ಲಿ ಜಗಳ ಆಡಿದೆ, ಅವನು ಸ್ಪ್ಯಾನಿಷ್‌ನಲ್ಲಿ ಸಮಾಧಾನ ಹೇಳಿದ. ಕೊನೆಗೆ ಇನ್ನೊಂದು ಐನೂರು ಕೊಟ್ಟು ಬಂದೆ. ನಮ್ಮ ಲೆಕ್ಕದಲ್ಲಿ ಎರಡು ಸಾವಿರದ ಮೇಲೆ ಹೋಯ್ತು. ರಾತ್ರಿ ಷಡ್ಡಕರು ನಕ್ಕು ಹೇಳಿಕೊಟ್ಟರು: ನೋಟನ್ನ ಬಿಡಿಸಿ ಎದುರಿಗೆ ಹಿಡಿ, 'ಕಿನ್ಯೆಂತೋಸ್' ಅಂತ ಜೋರಾಗಿ ಹೇಳು, ಅವನ ಬಾಯಲ್ಲೂ ಅದು ಬಂದ ಮೇಲೆ ಕೈ ಬಿಡು. ನಮ್ಮ ಕಂಡಕ್ಟರ್‌ಗಳು 'ಐನೂರು ಕೊಟ್ಟಿದ್ದೀರ' ಅಂತ ಜೋರಾಗಿ ಹೇಳ್ತಾರಲ್ಲ, ಅದೇ ತಂತ್ರ. ಇಪ್ಪತ್ತರ ನೀಲಿ ನೋಟು ಬೇರೆ ಜೇಬಿನಲ್ಲಿಡಿ.

ಕಾರ್ಡ್ ಕೊಡೋದಾದ್ರೆ ಅದು ಕಣ್ಣಿಂದ ಮರೆಯಾಗಬಾರದು. ಮೆಷಿನ್ ಗಾಡಿ ಹತ್ತಿರವೇ ತರಿಸಿ. ಮೆಷಿನ್ ಪೆಸೊದಲ್ಲಾ ರೂಪಾಯಿಯಲ್ಲಾ ಅಂತ ಕೇಳಿದ್ರೆ ಪೆಸೊನೇ ಒತ್ತಿ. ರೂಪಾಯಿ ಒತ್ತಿದ್ರೆ ವಿನಿಮಯ ದರ ಅವರದ್ದು, ನಿಮಗೆ ನಷ್ಟ.

ಇನ್ನು ಮೆಷಿನ್‌ ಒಳಗಿನ ಮೋಸ. ಮೀಟರ್ 20 ಲೀಟರ್ ತೋರಿಸಿ 19 ಹಾಕಿದ್ರೆ ಪಕ್ಕದಲ್ಲಿ ನಿಂತರೂ ಕಾಣಲ್ಲ. ನಮ್ಮಲ್ಲಿ ಅನುಮಾನ ಬಂದ್ರೆ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅಂತ ಯಾರು ಬೇಕಾದ್ರೂ ಕೇಳಬಹುದು. ಅಲ್ಲಿ ನೀವು ಹಾಗೆ ಜಗಳಕ್ಕೆ ನಿಲ್ಲೋದು ಬೇಡ. ಅಲ್ಲಿ ಪ್ರೊಫೆಕೋ ಅಂತ ಸರ್ಕಾರದ ಗ್ರಾಹಕ ಸಂಸ್ಥೆ ಇದೆ, ಬಂಕ್‌ಗಳನ್ನ ತಪಾಸಣೆ ಮಾಡುತ್ತೆ, ಅಳತೆ ತಪ್ಪಿದ ಪಂಪ್‌ಗೆ ಸೀಲ್ ಹಾಕುತ್ತೆ. ಲೋಪೆಸ್ ಒಬ್ರದೋರ್ ಅಧ್ಯಕ್ಷರಾಗಿದ್ದಾಗ ಅವರ ಬೆಳಗಿನ ಪತ್ರಿಕಾಗೋಷ್ಠಿಯಲ್ಲೇ ಯಾವ ಬಂಕ್‌ನಲ್ಲಿ ದರ ಜಾಸ್ತಿ, ಯಾವುದು ತಪಾಸಣೆಗೆ ಬಿಡಲಿಲ್ಲ ಅಂತ ಹೆಸರು ಹಿಡಿದು ಓದುತ್ತಿದ್ದರು. ನಮ್ಮಲ್ಲೂ ಹಾಗೆ ಓದಿದ್ರೆ ಚೆನ್ನಾಗಿರುತ್ತಿತ್ತು, ಇರಲಿ.

ನಿಮ್ಮ ಕೈಲಿರೋ ಅಳತೆ ಪಾತ್ರೆ ಅಂದ್ರೆ ಕಾರಿನ ಟ್ಯಾಂಕೇ. ಬಾಡಿಗೆಗೆ ತಗೊಳ್ಳೋವಾಗ ಟ್ಯಾಂಕ್ ಎಷ್ಟು ಲೀಟರ್ ಅಂತ ಬರೆದುಕೊಳ್ಳಿ. ಅಲ್ಲಿ ತುಂಬ ಓಡೋ ನಿಸಾನ್ ವರ್ಸಾಗೆ ಸುಮಾರು 41. ಮುಳ್ಳು ಅರ್ಧದಲ್ಲಿದ್ದಾಗ ಫುಲ್ ಮಾಡಿಸಿ. 20ರ ಆಚೀಚೆ ಬಂದ್ರೆ ಸರಿ, 30 ಅಂದ್ರೆ ಏನೋ ಇದೆ. ಒಂದೆರಡು ಲೀಟರ್ ಹೆಚ್ಚು ಬಂದ ಮಾತ್ರಕ್ಕೆ ಕಳ್ಳ ಅನ್ನಬೇಡಿ, ಮುಳ್ಳು ನಿಖರ ಅಲ್ಲ, ಕತ್ತಿನವರೆಗೆ ತುಂಬಿಸಿದ್ರೆ ಟ್ಯಾಂಕ್ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಹಿಡಿಯುತ್ತೆ. ದರದ ಲೆಕ್ಕವೂ ಮಾಡಿ. 2025ರಲ್ಲಿ ಅಲ್ಲಿನ ಸರ್ಕಾರ ಬಂಕ್ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡು ಮಾಗ್ನಾ ದರ ಲೀಟರ್‌ಗೆ 24 ಪೆಸೊ ದಾಟದ ಹಾಗೆ ನೋಡಿಕೊಂಡಿತು. ಆ ದರಕ್ಕೆ ಐನೂರಕ್ಕೆ 20.8 ಲೀಟರ್ ಬರಬೇಕು. ಹೋಗೋ ಹೊತ್ತಿಗೆ ದರ ಎಷ್ಟಿದೆ ಅಂತ ಮಗನನ್ನ ಕೇಳಿ ಈ ಭಾಗಾಕಾರ ಮೊದಲೇ ಮಾಡಿಟ್ಟುಕೊಳ್ಳಿ.

ಬೆಳಗಿನ ಜಾವ ತಂಪಲ್ಲಿ ಹಾಕಿಸಿದ್ರೆ ಜಾಸ್ತಿ ಬರುತ್ತೆ, ಐನೂರರ ಬದಲು ನಾನೂರ ತೊಂಬತ್ತಕ್ಕೆ ಹಾಕಿಸಿದ್ರೆ ಮೋಸ ಇರಲ್ಲ ಅನ್ನೋದೆಲ್ಲ ನಂಬಬೇಡಿ. ಪೆಟ್ರೋಲ್ ಇರೋದು ನೆಲದಡಿಯ ಟ್ಯಾಂಕ್‌ನಲ್ಲಿ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿ ಹೆಚ್ಚು ಬದಲಾಗಲ್ಲ. ಅಳತೆ ತಿದ್ದಿದ ಮೆಷಿನ್‌ಗೆ ಐನೂರಾದ್ರೇನು, ನಾನೂರ ತೊಂಬತ್ತಾದ್ರೇನು, ಲೀಟರ್ ಲೀಟರ್‌ಗೂ ಕಡಿಮೆನೇ ಹಾಕುತ್ತೆ.

ಆದರೆ ಒಂದು ವಿಷಯ ತಮಾಷೆಯಲ್ಲ. ರಸ್ತೆ ಬದಿಯಲ್ಲಿ ಕ್ಯಾನ್‌ನಲ್ಲಿ ಅರ್ಧ ದರಕ್ಕೆ ಪೆಟ್ರೋಲ್ ಮಾರೋರು ಕಂಡ್ರೆ ನಿಲ್ಲಿಸಲೇಬೇಡಿ. ಅದಕ್ಕೆ ಅಲ್ಲಿ 'ವಾಚಿಕೋಲ್' ಅಂತಾರೆ, ಪೈಪ್‌ಲೈನ್ ಕೊರೆದು ಕದ್ದ ಮಾಲು. 2019ರ ಜನವರಿಯಲ್ಲಿ ಹಿದಾಲ್ಗೋ ರಾಜ್ಯದ ತ್ಲಾವೆಲಿಲ್ಪಾನ್‌ನಲ್ಲಿ ಹೀಗೆ ಕೊರೆದ ಪೈಪ್‌ನಿಂದ ಚಿಮ್ಮಿದ ಪೆಟ್ರೋಲ್ ಹಿಡಿಯೋಕೆ ಊರವರು ಬಕೆಟ್ ತಂದು ಸೇರಿದ್ದಾಗ ಬೆಂಕಿ ಹತ್ತಿ 130ಕ್ಕೂ ಹೆಚ್ಚು ಜನ ಸತ್ತರು.

ಬಂಕ್ ಆರಿಸೋದು ಹೇಗೆ ಅಂತಲೂ ಕೇಳಿದ್ರಲ್ಲ. ಊರಿನ ಟ್ಯಾಕ್ಸಿಗಳು ಸಾಲು ನಿಂತಿರೋ ಕಡೆ ಹೋಗಿ, ಟ್ಯಾಕ್ಸಿಯವನಿಗೆ ಲೀಟರ್‌ಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಬಾಯಿಪಾಠ ಇರುತ್ತೆ, ಎರಡು ಸಲ ಕಡಿಮೆ ಬಂದ್ರೆ ಮೂರನೇ ಸಲ ಅವನು ಅಲ್ಲಿ ನಿಲ್ಲಲ್ಲ. ಏರ್‌ಪೋರ್ಟ್ ಪಕ್ಕದ್ದು, ಹೆದ್ದಾರಿಯಲ್ಲಿ ಒಂಟಿಯಾಗಿರೋದು ಅನಿವಾರ್ಯ ಆದ್ರೆ ಮಾತ್ರ. ಅರ್ಧ ಟ್ಯಾಂಕ್‌ಗಿಂತ ಕೆಳಗೆ ಇಳಿಯೋಕೆ ಬಿಡದಿದ್ರೆ ಆ ಅನಿವಾರ್ಯವೂ ಬರಲ್ಲ. ಕಾರ್ ವಾಪಸ್ ಕೊಡೋ ದಿನ ಕೊನೆಯ ರಸೀದಿ ಇಟ್ಟುಕೊಳ್ಳಿ, ಟ್ಯಾಂಕ್ ಫುಲ್ ಇರಲಿಲ್ಲ ಅಂತ ಬಾಡಿಗೆಯವರು ತಗಾದೆ ತೆಗೆದ್ರೆ ಅದೇ ಸಾಕ್ಷಿ.

ಮತ್ತೆ ಹತ್ತು ಪೆಸೊ ನಾಣ್ಯ ಒಂದಷ್ಟು ಕೈಲಿರಲಿ. ಅಲ್ಲಿ ಬಂಕ್ ಹುಡುಗರ ಸಂಪಾದನೆಯಲ್ಲಿ ಟಿಪ್ಸ್‌ದೇ ದೊಡ್ಡ ಪಾಲು, ಬಹಳಷ್ಟು ಜನ ನೆಟ್ಟಗೆ ಕೆಲಸ ಮಾಡೋರೇ. ಮೀಟರ್ ನೋಡಿ, ಚಿಲ್ಲರೆ ಎಣಿಸಿ, ಆಮೇಲೆ ಕೊಡಿ.