ಹಳೇ ಸೀರೆ ಬೇಡ, ಎರಡು ವಾರ ಕೊಡಿ

ಪ್ರತಿ ವರ್ಷ ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆ ಬರುತ್ತದೆ. "ಅಂಕಲ್, ನೆರೆ ಸಂತ್ರಸ್ತರಿಗೆ ಅಂತ ನಮ್ಮ ಬಿಲ್ಡಿಂಗಿನವರೆಲ್ಲ ಸೇರಿ ಒಂದು ಟೆಂಪೋ ತುಂಬಿಸಿದ್ದೇವೆ. ಎಲ್ಲಿಗೆ ಕಳಿಸೋದು?" ಟೆಂಪೋದಲ್ಲಿ ಏನೇನಿದೆ ಅಂತ ಕೇಳುತ್ತೇನೆ. "ಎಲ್ಲಾ ಇದೆ ಅಂಕಲ್!" ಈ "ಎಲ್ಲಾ ಇದೆ" ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಸೊಂಟ ನೋಯೋಕೆ ಶುರುವಾಗುತ್ತದೆ. ಅದನ್ನೆಲ್ಲ ಬಿಚ್ಚಿ, ಆರಿಸಿ, ಮತ್ತೆ ಕಟ್ಟುವವರು ನಾವು ತಾನೇ.

ನನ್ನ ಹೊಟ್ಟೆಪಾಡು ಮುಂಬಯಿ ಹತ್ತಿರದ ಭಿವಂಡಿಯ ಗೋಡೌನುಗಳಲ್ಲಿ. ಯಾವ ಮಾಲು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಷ್ಟು ಉಳಿಯಿತು, ಇಷ್ಟೇ ಕೆಲಸ. ಇದೇ ಕೆಲಸವನ್ನು ಸಂಬಳವಿಲ್ಲದೆ ಒಂದು ಪರಿಹಾರ ಸಂಸ್ಥೆಗೂ ಮಾಡಿಕೊಂಡು ಬಂದಿದ್ದೇನೆ. ನೆರೆ, ಭೂಕುಸಿತ ಅಂದಾಗ ಮಾಲು ಹೊಂದಿಸುವುದು, ಸ್ವಯಂಸೇವಕರಿಗೆ ಕೆಲಸ ಹಂಚುವುದು ನನ್ನ ಪಾಲಿಗೆ.

ಶುರುವಾದದ್ದು 2005ರ ಜುಲೈ 26ರಂದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು, ಮೀಠಿ ನದಿ ಉಕ್ಕಿದ ದಿನ. ನಾನು ಅಂಧೇರಿಯಿಂದ ಘಾಟ್ಕೋಪರ್‌ಗೆ ನಡೆದುಕೊಂಡು ಹೋದೆ. ಸಾಕಿನಾಕಾದ ಒಂದು ಚಾಳಿನಲ್ಲಿ ಯಾರೋ ಮೌಶಿ ಚಹಾ ಕೊಟ್ಟರು, ಎರಡು ಬಿಸ್ಕತ್ತು ಕೊಟ್ಟರು. ಆ ಋಣ ತೀರಿಸೋಣ ಅಂತ ನೀರು ಇಳಿದ ಮೇಲೆ ಮನೆಯ ಹಳೇ ಬಟ್ಟೆಯೆಲ್ಲ ಗಂಟು ಕಟ್ಟಿ ಕಲೀನಾಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿ ಮನೆಮನೆಯೊಳಗೂ ಮೊಣಕಾಲುದ್ದ ಕೆಸರು. ಒಬ್ಬಾಕೆ ನನ್ನ ಗಂಟು ನೋಡಿ, "ಸಲಿಕೆ ತಂದಿದ್ದೀಯಾ?" ಅಂತ ಕೇಳಿದಳು. ತಂದಿರಲಿಲ್ಲ. ಬೇಕಿದ್ದದ್ದು ಸಲಿಕೆ, ಬಕೆಟ್, ಫಿನೈಲ್. ಗಂಟನ್ನು ಮನೆಗೇ ವಾಪಸ್ ತಂದೆ. ಆದ್ದರಿಂದ ಈಗ ಟೆಂಪೋದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಸೊಂಟ ಮಾತ್ರ ನೋಯುತ್ತದೆ.

ಹಳೇ ಬಟ್ಟೆಯ ಕಥೆ ನನ್ನೊಬ್ಬನದಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಮೂಲೆಮೂಲೆಯಿಂದ ಬಂದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಯಾರೂ ಮುಟ್ಟಿರಲಿಲ್ಲ. ಗೂಂಜ್ ಸಂಸ್ಥೆಯವರು ಅದನ್ನು ಒಟ್ಟುಮಾಡಿ, ಆರಿಸಿ, ಬೇರೆ ಬೇರೆ ಉಪಯೋಗಕ್ಕೆ ತಿರುಗಿಸಿದರು. ಎಲ್ಲವನ್ನೂ ಕಳಕೊಂಡವರಿಗೂ ಮಾನ ಇರುತ್ತದೆ, ಅಲ್ವಾ? ನಮ್ಮ ಗೋಡೌನಿಗೆ ಬಂದ ಒಂದು ಗಂಟಿನಲ್ಲಿ ಮಿಣಮಿಣ ಮಿಂಚುವ ಮದುವೆ ಲೆಹಂಗಾ ಇತ್ತು, ಮೂರು ಟೈ ಇದ್ದವು. ಬಲಗಾಲಿನ ಚಪ್ಪಲಿಗಳು ಒಂಬತ್ತು. ಎಡಗಾಲಿನವು ಎಲ್ಲಿ ಹೋದವೋ ದೇವರೇ ಬಲ್ಲ. ಸೀರೆ ಇದ್ದರೆ ಲಂಗ ಇಲ್ಲ, ರವಿಕೆ ಇಲ್ಲ. ಒಳಉಡುಪು, ನ್ಯಾಪ್ಕಿನ್ ಯಾರೂ ಕಳಿಸುವುದಿಲ್ಲ. ಶಿಬಿರದಲ್ಲಿ ಹೆಂಗಸರು ಪಿಸುದನಿಯಲ್ಲಿ ಮೊದಲು ಕೇಳುವುದು ಅವೆರಡನ್ನೇ.

2019ರ ಆಗಸ್ಟ್‌ನ ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೃಷ್ಣಾ, ಪಂಚಗಂಗಾ ಎರಡೂ ಉಕ್ಕಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದವು. ಅತ್ತ ಬೆಳಗಾವಿ ಜಿಲ್ಲೆಯಲ್ಲೂ ಅದೇ ಗತಿ. (ಆಲಮಟ್ಟಿಯಿಂದ ನೀರು ಬಿಡಲಿಲ್ಲ ಅಂತ ಮಹಾರಾಷ್ಟ್ರದವರು, ಮೇಲಿನ ಡ್ಯಾಮಿನವರು ಒಮ್ಮೆಲೇ ಬಿಟ್ಟರು ಅಂತ ಕರ್ನಾಟಕದವರು. ನೀರಿಗೆ ಗಡಿ ವಿವಾದ ಗೊತ್ತಿಲ್ಲ.) ಮುಂಬಯಿಯ ಜನ ಕರಗಿಹೋದರು. ಮನೆಮನೆಯಲ್ಲಿ ಚಪಾತಿ ಲಟ್ಟಿಸಿ ಕಳಿಸಿದರು. ಆದರೆ ಕೊಲ್ಹಾಪುರದ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೇ ನೀರು. ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಂತವು. ಬಿಸಿ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ ಚಪಾತಿ ಮರುದಿನಕ್ಕೇ ಬೂಸಲು. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಅಡುಗೆ ಆಗುವುದು ಅಲ್ಲೇ, ಊಟಕ್ಕೆ ಕೂರುವವರ ಪಕ್ಕದಲ್ಲೇ. ಇಲ್ಲಿಂದ ಹೋಗುವುದು ಅಕ್ಕಿ, ಬೇಳೆ, ದೊಡ್ಡ ಪಾತ್ರೆ, ಮತ್ತು ನಮ್ಮ ಉಡುಪಿ ಹೋಟೆಲಿನ ಭಟ್ಟರು. ಮುನ್ನೂರು ಜನಕ್ಕೆ ಉಪ್ಪಿಟ್ಟು ಅಂದರೆ ಅವರಿಗೆ ಬೆಳಗಿನ ಮಾಮೂಲಿ ಕೆಲಸ. ಉಪ್ಪು ಎಷ್ಟು ಅಂತ ಅಳೆಯುವುದೂ ಇಲ್ಲ.

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಒಂದು ಶಾಲೆಯಲ್ಲಿ ಶಿಬಿರ ಇತ್ತು. ಮೂಲೆಯಲ್ಲಿ ಒಬ್ಬ ಅಜ್ಜಿ. ಎರಡು ದಿನದಿಂದ ಊಟ ಮುಟ್ಟಿಲ್ಲ ಅಂತ ಪುಣೆಯಿಂದ ಬಂದಿದ್ದ ಹುಡುಗಿ ಹೇಳಿದಳು. ಪಾಪ, ಅವಳು ಮರಾಠಿಯಲ್ಲಿ ಎಷ್ಟು ಕೇಳಿದರೂ ಅಜ್ಜಿ "ಹೋ, ಹೋ" ಅಂತ ತಲೆಯಾಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಯಾಕಜ್ಜಿ, ಉಣ್ಣಂಗಿಲ್ಲೇನು?" ಅಂದೆ. ಅಷ್ಟಕ್ಕೇ ಕಟ್ಟೆ ಒಡೆಯಿತು. "ಎಪ್ಪಾ, ನಂದೊಂದ್ ಎಮ್ಮಿ ಐತಿ. ಹಗ್ಗಾ ಬಿಚ್ಚಿ ಬಿಟ್ಟೀನಿ. ಎಲ್ಲಿ ಹೋತೋ ಏನೋ, ಹೊಟ್ಟಿಗೆ ಏನ್ ತಿಂತೈತೋ." ಎಮ್ಮೆ ಉಪವಾಸ ಇರುವಾಗ ತಾನು ಉಣ್ಣುವುದು ಹೇಗೆ ಅನ್ನುವುದು ಅವಳ ಲೆಕ್ಕ. ವಿಚಾರಿಸಿದರೆ ಶಿಬಿರದ ಅರ್ಧ ಜನರ ಚಿಂತೆ ಅದೇ. ದಿಬ್ಬದ ಮೇಲೆ ದನಗಳು ನಿಂತಿವೆ, ಮೇವಿಲ್ಲ. ನಮ್ಮ ಪಟ್ಟಿಯಲ್ಲಿ ಬಿಸ್ಕತ್ತು ಇತ್ತು, ಹೊದಿಕೆ ಇತ್ತು, ಕಣಕಿ ಇರಲಿಲ್ಲ. ಆವತ್ತು ರಾತ್ರಿಯೇ ಪಟ್ಟಿ ಬದಲಾಯಿತು. ಅಜ್ಜಿಯ ಎಮ್ಮೆ ನಾಲ್ಕನೇ ದಿನ ಸಿಕ್ಕಿತು. ಎಷ್ಟೋ ಜನರದು ಸಿಗಲಿಲ್ಲ.

ಮುಂಬಯಿ ಕನ್ನಡಿಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿ ಬರುತ್ತದೆ. ಗಡಿಭಾಗದ ಶಿಬಿರದಲ್ಲಿ ಹತ್ತು ಕಂಬಳಿಗಿಂತ ಇದು ಜಾಸ್ತಿ ಬೆಲೆಯದು.

ಇನ್ನು ಲೆಕ್ಕದ ವಿಷಯ. ಪರಿಹಾರ ಕೆಲಸಕ್ಕೆ ಸ್ಫಿಯರ್ ಅಂತ ಒಂದು ಅಂತಾರಾಷ್ಟ್ರೀಯ ಕೈಪಿಡಿ ಇದೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ತಂಗಲು 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ. ಓದುವಾಗ ಸುಮ್ನೆ ಅಂಕಿ ಅನಿಸುತ್ತದೆ. ಶಾಲೆಯ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿ ನೋಡಿ. 20 ಅಡಿ ಅಗಲ, 24 ಅಡಿ ಉದ್ದದ ತರಗತಿಯಲ್ಲಿ ಈ ಲೆಕ್ಕಕ್ಕೆ ಹಿಡಿಸುವುದು 12 ಜನ. ಇರುವುದು ನಲವತ್ತು. ಶಿಬಿರದಲ್ಲಿ 200 ಜನ ಇದ್ದರೆ ದಿನಕ್ಕೆ 3,000 ಲೀಟರ್ ನೀರು ಬೇಕು. ಒಂದು ಲೀಟರಿನ 12 ಬಾಟಲಿಯ ಬಾಕ್ಸ್‌ನಲ್ಲಿ ಕಳಿಸುತ್ತೇನೆ ಅಂದರೆ ದಿನಕ್ಕೆ 250 ಬಾಕ್ಸ್, ಸಂಜೆಗೆ 3,000 ಖಾಲಿ ಬಾಟಲಿ. ಚರಂಡಿ ಕಟ್ಟಿಕೊಳ್ಳಲು ಬೇರೇನು ಬೇಕು? ಅದಕ್ಕಿಂತ ಒಂದು ಟ್ಯಾಂಕರ್, ಒಂದು ಸಿಂಟೆಕ್ಸ್ ಟಾಕಿ, ನಲ್ಲಿ, ಕ್ಲೋರಿನ್ ಮಾತ್ರೆ ಮೇಲು. ಶೌಚಾಲಯ ಹತ್ತು ಬೇಕು. ಶಾಲೆಯಲ್ಲಿ ಇರುವುದು ನಾಲ್ಕು, ಅದರಲ್ಲಿ ಎರಡಕ್ಕೆ ಬೀಗ. ಬೀಗದ ಕೈ ಹುಡುಕಿ ತರುವುದೂ ಸ್ವಯಂಸೇವೆಯೇ. ಅದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ ಅಷ್ಟೇ.

ಹೊಸಬರು ಎಲ್ಲರೂ ಕೇಳುವುದು "ಸ್ಪಾಟಿಗೆ ಹೋಗಬಹುದಾ?" ಅಂತ. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತಲ್ಲ, ಆಗ ನನ್ನ ಫೋನು ಬಿಡುವಿಲ್ಲದೆ ಹೊಡಕೊಂಡಿತು. ಆ ಊರಿಗೆ ವಾಹನ ಹೋಗುವ ದಾರಿಯೇ ಇರಲಿಲ್ಲ. ಜೆಸಿಬಿ ಏರುವಂತಿಲ್ಲ, ಗುದ್ದಲಿ ಸಲಿಕೆಯಲ್ಲೇ ಅಗೆಯಬೇಕು, ಮೇಲೆ ಮಳೆ. ಹತ್ತುವಾಗಲೇ ನವಿ ಮುಂಬಯಿ ಅಗ್ನಿಶಾಮಕ ದಳದವರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ತರಬೇತಿ ಇದ್ದವರ ಕಥೆಯೇ ಹೀಗೆ. ಅಲ್ಲಿ ನಿಜವಾಗಿ ಕೈಜೋಡಿಸಿದವರು ಕೇಂದ್ರದ ವಿಪತ್ತು ರಕ್ಷಣಾ ಪಡೆಯಾದ ಎನ್‌ಡಿಆರ್‌ಎಫ್‌ನವರು, ಮತ್ತೆ ಆ ಗುಡ್ಡಗಳನ್ನು ವರ್ಷವಿಡೀ ಹತ್ತಿ ಇಳಿಯುವ ಸ್ಥಳೀಯ ಟ್ರೆಕ್ಕಿಂಗ್ ಗುಂಪಿನವರು. ಸ್ನೀಕರ್ ಹಾಕಿಕೊಂಡು ಬಂದ ನಮ್ಮಂಥವರು ಅಲ್ಲಿ ಇನ್ನೊಂದು ಭಾರ. ರಕ್ಷಣಾ ಕೆಲಸವೇ ಮಾಡಬೇಕು ಅನ್ನುವ ಛಲ ಇದ್ದರೆ ಸರ್ಕಾರದ ಆಪದಾ ಮಿತ್ರ ತರಬೇತಿ ಇದೆ, ಮೊದಲು ಅದನ್ನು ಮುಗಿಸಿ.

ನೀರಿಗೆ ಇಳಿಯುವ ಕೆಲಸ ಬಂದರೆ ಗಂಬೂಟು ಇಲ್ಲದೆ ನಾನು ಯಾರನ್ನೂ ಬಿಡುವುದಿಲ್ಲ. ಕಾಲಿಗೆ ಗಾಯ ಇದ್ದವರನ್ನಂತೂ ಖಂಡಿತ ಇಲ್ಲ. ಇಲಿಜ್ವರ 2005ರಲ್ಲಿ ಮುಂಬಯಿಯನ್ನು ನೆರೆ ಇಳಿದ ಮೇಲೆ ಕಾಡಿತು. ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಮಾತ್ರೆ ತೆಗೆದುಕೊಳ್ಳಿ ಅಂತ ಪಾಲಿಕೆ ಮಳೆಗಾಲದಲ್ಲಿ ಹೇಳುತ್ತಲೇ ಇರುತ್ತದೆ. ನಮ್ಮ ಹುಡುಗರೇ ಕೇಳುವುದಿಲ್ಲ.

ನಾನು ಹೊಸಬರಿಗೆ ಕೊಡುವ ಮೊದಲ ಕೆಲಸ ಗೋಡೌನಿನದು. ಒಂದು ಬಾಕ್ಸಿನಲ್ಲಿ ಒಂದೇ ಥರದ ಮಾಲು. ತೂಕ 15 ಕಿಲೋ ಮೀರಬಾರದು, ಯಾಕೆಂದರೆ ಕೆಸರಲ್ಲಿ ಅದನ್ನು ಒಬ್ಬನೇ ಹೊರಬೇಕು. ಏನಿದೆ, ಎಷ್ಟಿದೆ ಅಂತ ಎರಡು ಬದಿಗೂ ಮರಾಠಿಯಲ್ಲಿ ಬರೆಯಬೇಕು. ಮೇಲೆ ಬರೆದರೆ ಒಂದರ ಮೇಲೊಂದು ಪೇರಿಸಿದಾಗ ಕಾಣುವುದೇ ಇಲ್ಲ. ಲಾರಿಗೆ ಕೊನೆಗೆ ಹಾಕಿದ್ದು ಮೊದಲು ಇಳಿಯುತ್ತದೆ. ಆದ್ದರಿಂದ ನೀರು ಶುದ್ಧ ಮಾಡುವ ಸಾಮಾನು ಕೊನೆಗೆ, ಬಾಗಿಲ ಹತ್ತಿರ. ಇದನ್ನು ನನಗೆ ಕಲಿಸಿದವರು ಮಾಥಾಡಿ ಕಾರ್ಮಿಕರು, ಅಂದರೆ ಮೂಟೆ ಹೊರುವ ಹಮಾಲರು. ಒಬ್ಬ ಹಿರಿಯ ಮಾಥಾಡಿ ಬಾಕ್ಸಿನ ಬದಿಗೆ ಬರೆಯುವುದರ ಜೊತೆಗೆ ಚಿತ್ರವನ್ನೂ ಬಿಡಿಸುತ್ತಿದ್ದ: ಅಕ್ಕಿಗೆ ತೆನೆ, ಸೋಪಿಗೆ ಗುಳ್ಳೆ, ಔಷಧಿಗೆ ಪ್ಲಸ್. ಓದು ಬಾರದವರೂ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಹುಡುಕಿ ತೆಗೆಯುತ್ತಿದ್ದರು.

ಹಣ ಕೊಡುವವರಿಗೆ ಒಂದೇ ಮಾತು. ರಸೀದಿ ಕೇಳಿ ತಗೊಳ್ಳಿ. ಆ ಹಣದಲ್ಲಿ ನಾವು ಆದಷ್ಟು ಅಲ್ಲಿಯ ಪೇಟೆಯಲ್ಲೇ ಕೊಳ್ಳುತ್ತೇವೆ. ಸಾಂಗ್ಲಿಯ ಕಿರಾಣಿ ಅಂಗಡಿಯವನೂ ಮುಳುಗಿದವನೇ. ನಾವು ಮುಂಬಯಿಯಿಂದ ಬಿಟ್ಟಿ ಅಕ್ಕಿ ಸುರಿದರೆ ಅವನು ಇನ್ನೊಮ್ಮೆ ಮುಳುಗುತ್ತಾನೆ.

ನನ್ನ ದೊಡ್ಡ ತಕರಾರು ದಿನಗಳದ್ದು. ಮೊದಲ ಮೂರು ದಿನ ಸ್ವಯಂಸೇವಕರಿಗೆ ಕೂರಿಸಲು ಜಾಗ ಸಾಲದು. ಆರನೇ ದಿನ ಟಿವಿಯವರು ಹೋಗುತ್ತಾರೆ, ಎಂಟನೇ ದಿನ ಗೋಡೌನಿನಲ್ಲಿ ನಾನು, ಇನ್ನಿಬ್ಬರು, ಒಂದು ಬೆಕ್ಕು. ಜನ ಮನೆಗೆ ವಾಪಸಾಗುವುದು ಆಗ. ಕೆಸರು ಎತ್ತುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ತಲಾಠಿ (ಊರಿನ ಕಂದಾಯ ಅಧಿಕಾರಿ) ಹಾನಿಯ ಪಂಚನಾಮೆಗೆ ಬಂದಾಗ ಕಾಗದಪತ್ರ ಹೊಂದಿಸುವುದು, ಎಲ್ಲ ಆಗಲೇ. ರೇಷನ್ ಕಾರ್ಡ್ ನೆನೆದು ಮುದ್ದೆಯಾಗಿರುತ್ತದೆ. ಪಾಸ್‌ಬುಕ್ಕಿನ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ಫಾರಂ ತುಂಬಲು ಯಾರೂ ಇಲ್ಲ. ಡೊಂಬಿವಲಿಯ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಇದಕ್ಕೆಂದೇ ಹನ್ನೆರಡು ದಿನ ಶಿರೋಳದಲ್ಲಿ ಕೂತರು. ಒಂದು ಮೇಜು, ಒಂದು ಸ್ಟಾಂಪ್ ಪ್ಯಾಡು, ಕನ್ನಡಕ. ಪಾಸ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗದ ಮೇಲೆ ಬಟ್ಟೆಯ ಹಾಗೆ ಒಣ ಹಾಕುತ್ತಿದ್ದರು. ಆ ಸಲ ಎಲ್ಲರಿಗಿಂತ ಹೆಚ್ಚು ಉಪಯೋಗಕ್ಕೆ ಬಂದ ಸ್ವಯಂಸೇವಕ ಯಾರು ಅಂದರೆ ನಾನು ಅವರ ಹೆಸರನ್ನೇ ಹೇಳುತ್ತೇನೆ. ಅವರು ನೀರಿಗೆ ಕಾಲಿಟ್ಟೇ ಇರಲಿಲ್ಲ.

ಹಾಗಾಗಿ ಈ ಸಲ ಫೋನ್ ಮಾಡುವವರು ಟೆಂಪೋ ತುಂಬಿಸುವ ಮೊದಲೇ ಮಾಡಿ. ಯಾವ ಭಾಷೆ ಬರುತ್ತದೆ, ಎರಡನೇ ವಾರದಲ್ಲಿ ಎಷ್ಟು ದಿನ ರಜೆ ಸಿಗುತ್ತದೆ, ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ, ಇಷ್ಟು ಹೇಳಿ. ಮೊದಲ ದಿನ ನಿಮ್ಮನ್ನು ಭಿವಂಡಿಗೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಾರ್ಕರ್, ಟೇಪು, ಮಧ್ಯಾಹ್ನದ ಊಟ ನಮ್ಮದು. ಕತ್ತರಿ ಮಾತ್ರ ಮನೆಯಿಂದ ತನ್ನಿ. ನಮ್ಮ ಗೋಡೌನಿನಲ್ಲಿ ಬೇಕಾದಾಗ ಕತ್ತರಿ ಸಿಕ್ಕಿದ್ದು ನಾನಂತೂ ಕಂಡಿಲ್ಲ.