ತಾಳಿಕೋಟೆಯ ಕಥೆಯಲ್ಲಿ ಫಿರಂಗಿ ಎಲ್ಲಿ ಹೋಯಿತು?

ಜನವರಿ ಬಂತೆಂದರೆ ತಾಳಿಕೋಟೆ ಯುದ್ಧದ ಜಗಳ ಮತ್ತೆ ಶುರುವಾಗುತ್ತದೆ. ವಿಜಯನಗರ ಬಿದ್ದಿದ್ದು ಮೋಸದಿಂದಲೋ, ಅಳಿಯ ರಾಮರಾಯನ ಹಮ್ಮಿನಿಂದಲೋ, ಧರ್ಮದ್ವೇಷದಿಂದಲೋ? ಒಬ್ಬರು ಕಾದಂಬರಿಯ ಸಾಲು ಎತ್ತಿ ಹಾಕುತ್ತಾರೆ, ಇನ್ನೊಬ್ಬರು ಸಿನಿಮಾದ ತುಣುಕು ಹಂಚುತ್ತಾರೆ. ಯಾವುದು ದಾಖಲೆ, ಯಾವುದು ಕಥೆ ಅಂತ ಬಿಡಿಸಲಾಗದಷ್ಟು ಎರಡೂ ಕಲಸಿಹೋಗಿವೆ. ಹಾಗಾಗಿ ಈ ಕಥೆ ಬೆಳೆದು ಬಂದ ದಾರಿಯನ್ನು ಒಮ್ಮೆ ನೋಡೋಣ.

ವಿಜಯನಗರದ ಮೊದಲ ನೂರೈವತ್ತು ವರ್ಷವನ್ನು ಬೇಗ ದಾಟಬಹುದು. ಕೃಷ್ಣಾ-ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗಾಗಿ ವಿಜಯನಗರವೂ ಬಹಮನಿಗಳೂ ಬಡಿದಾಡಿದರು. ಬಹಮನಿ ರಾಜ್ಯ ಒಡೆದು ಐದಾಯಿತು, ಜಗಳ ಮಾತ್ರ ಹಾಗೇ ಉಳಿಯಿತು. ಆದರೆ ಒಂದು ಸಂಗತಿ ಮರೆಯಬಾರದು. ಎರಡೂ ಕಡೆಯ ಸೈನ್ಯ ಬೆರಕೆಯದಾಗಿತ್ತು. ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲಾಳುಗಳನ್ನು ಕರೆದು ಕೆಲಸ ಕೊಟ್ಟ. ಅವನ ಸರದಾರ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇವತ್ತಿಗೂ ಹಂಪಿಯಲ್ಲಿದೆ. ಅತ್ತ ಬಿಜಾಪುರದ ಸೈನ್ಯದಲ್ಲಿ ಮರಾಠಾ ಸರದಾರರಿದ್ದರು.

ಇನ್ನು ಕುದುರೆ. ದಖ್ಖನ್ನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆ ಇಲ್ಲಿ ಬೆಳೆಯುತ್ತಿರಲಿಲ್ಲ. ಅರೇಬಿಯಾ, ಹೊರ್ಮುಜ್ ಕಡೆಯಿಂದ ಹಡಗಿನಲ್ಲೇ ಬರಬೇಕಿತ್ತು. ಸಾಳುವ ನರಸಿಂಹ ಸಾವಿರ ಪರ್ದಾವಿಗೆ (ಪರ್ದಾವು ಅಂದರೆ ಚಿನ್ನದ ನಾಣ್ಯ) ಮೂರರಂತೆ ಕುದುರೆ ಕೊಳ್ಳುತ್ತಿದ್ದ, ದಾರಿಯಲ್ಲಿ ಸತ್ತದ್ದಕ್ಕೂ ದುಡ್ಡು ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ವ್ಯಾಪಾರಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕಿತ್ತು. ಇಷ್ಟು ದುಬಾರಿ ಪ್ರಾಣಿಯ ಮೇಲೆ ಕೂತು ಹೋರಾಡುವವರು ನಮ್ಮ ಸಿನಿಮಾಗಳಲ್ಲಿ ನೂರಾರು ಕುದುರೆಗಳನ್ನು ಸುಮ್ನೆ ನೆಲಕ್ಕುರುಳಿಸುತ್ತಾರೆ. ಖಜಾನೆಯ ಲೆಕ್ಕ ಬಿಟ್ಟು ಯುದ್ಧವನ್ನು ತೋರಿಸಿದರೆ ಅದು ಅರ್ಧವೇ ಅಲ್ವಾ?

1520ರ ರಾಯಚೂರು ಯುದ್ಧದ ಹತ್ತಿರ ಸ್ವಲ್ಪ ನಿಲ್ಲಬೇಕು. ತಾಳಿಕೋಟೆಯ ಬೀಜ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಕೃಷ್ಣದೇವರಾಯ ಕೋಟೆಗೆ ಮುತ್ತಿಗೆ ಹಾಕಿದ್ದ. ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಸೈನಿಕರಿಗೆ ದುಡ್ಡು ಸಿಗುತ್ತಿತ್ತು. ಕಲ್ಲಿನ ಗಾತ್ರ ನೋಡಿ ಹತ್ತು ಹಣದಿಂದ ಐವತ್ತು ಹಣದವರೆಗೆ. ಮೇಲಿನಿಂದ ಬಾಣ, ಗುಂಡು ಬೀಳುತ್ತಿರುವಾಗ ಜನ ಹಾರೆ ಹಿಡಿದು ಗೋಡೆಗೆ ನುಗ್ಗುತ್ತಿದ್ದರು. ಅಷ್ಟರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಕೋಟೆ ಬಿಡಿಸಲು ಬಂದ. ಫಿರಂಗಿಗಳ ಮೇಲೆ ಅವನಿಗೆ ಪೂರ್ತಿ ಭರವಸೆ. ಎಲ್ಲವನ್ನೂ ಒಟ್ಟಿಗೇ ಹಾರಿಸಿದಾಗ ವಿಜಯನಗರದ ಮುಂದಿನ ಸಾಲು ಚೆಲ್ಲಾಪಿಲ್ಲಿಯಾಯಿತು. ರಾಯ ತನ್ನ ಉಂಗುರ ತೆಗೆದು ಸೇವಕನ ಕೈಗಿಟ್ಟ. ತಾನು ಸತ್ತರೆ ರಾಣಿಯರಿಗೆ ಅದೇ ಗುರುತು. ಆಮೇಲೆ ಉಳಿದ ದಂಡಿನ ಜೊತೆ ಮುನ್ನುಗ್ಗಿದ. ಫಿರಂಗಿಗೆ ಮತ್ತೆ ಮದ್ದು ತುಂಬುವಷ್ಟು ಹೊತ್ತು ಎದುರಾಳಿಗೆ ಸಿಗಲಿಲ್ಲ. ಬಿಜಾಪುರದ ಸೈನ್ಯ ನದಿಗೆ ಬಿತ್ತು. ಸಿಕ್ಕಿದ್ದು 400 ದೊಡ್ಡ ಫಿರಂಗಿ, 900 ಫಿರಂಗಿ ಗಾಡಿ ಎಂದು ನೂನಿಜ್ ಲೆಕ್ಕ ಕೊಡುತ್ತಾನೆ.

ಕೋಟೆ ಮಾತ್ರ ಇನ್ನೂ ನಿಂತಿತ್ತು. ಆಗ ಕ್ರಿಸ್ತೋವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆ ಬಂದ ಕೆಲವೇ ಬಂದೂಕಿನವರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆಯತೊಡಗಿದರು. ಬಗ್ಗಿ ನೋಡಲು ಹೋದ ಕಿಲ್ಲೇದಾರನ ಹಣೆಗೇ ಗುಂಡು ತಗುಲಿತು. ಕೋಟೆ ಶರಣಾಯಿತು.

ಸೋತ ಬಿಜಾಪುರ ಈ ಯುದ್ಧದಿಂದ ಕಲಿತಿದ್ದು ಜಾಸ್ತಿ ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸಿದ್ದಾರೆ. ಗೆದ್ದವರಿಗೆ ಕುದುರೆ ದಂಡೇ ಸಾಕು ಅನ್ನಿಸಿತು, ಸೋತವರು ಮದ್ದುಗುಂಡಿನ ಕೆಲಸವನ್ನು ಸುಧಾರಿಸುತ್ತಾ ಹೋದರು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪನ್ನು ಇವತ್ತು ವಿಜಯಪುರದಲ್ಲಿ ನೋಡಿದವರಿಗೆ ಆ ಸುಧಾರಣೆ ಎಷ್ಟು ದೂರ ಹೋಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಮುಂದಿನದು ರಾಮರಾಯನ ಕಾಲ. ಪಟ್ಟದಲ್ಲಿದ್ದವನು ಸದಾಶಿವರಾಯ, ಆಳಿದವನು ಕೃಷ್ಣದೇವರಾಯನ ಅಳಿಯ. ಅವನು ಯೌವನದಲ್ಲಿ ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಕೆಲಸ ಮಾಡಿದವನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾಹ ರಾಮರಾಯನ ಮಗ ತೀರಿಕೊಂಡಾಗ ಸ್ವತಃ ಹಂಪಿಗೆ ಬಂದು ದುಃಖ ಹಂಚಿಕೊಂಡ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಆಮೇಲೆ ಇಬ್ಬರೂ ಸೇರಿ ಅಹ್ಮದ್‌ನಗರದ ಮೇಲೆ ಏರಿಹೋದರು. ಸೋತ ಹುಸೇನ್ ನಿಜಾಮ್ ಶಾಹ ಕಲ್ಯಾಣ ಕೋಟೆಯ ಬೀಗದ ಕೈ ಒಪ್ಪಿಸಬೇಕಾಯಿತು. ಆ ಭೇಟಿಯಲ್ಲಿ ಅವನು ರಾಮರಾಯನ ಕೈ ಮುಟ್ಟಿದ ಮೇಲೆ ಅಲ್ಲೇ ನೀರು ತರಿಸಿ ಕೈ ತೊಳೆದುಕೊಂಡ, ಸಿಟ್ಟಿಗೆದ್ದ ರಾಮರಾಯನೂ ತೊಳೆದುಕೊಂಡ ಎಂದು ಪರ್ಷಿಯನ್ ಚರಿತ್ರೆಕಾರರು ಬರೆದಿದ್ದಾರೆ. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವ ಈ ರಾಜಕೀಯ ಇಪ್ಪತ್ತು ವರ್ಷ ನಡೆಯಿತು. ಕೊನೆಗೆ ಆ ಸುಲ್ತಾನರು ತಮ್ಮೊಳಗೇ ಬೀಗರಾದರು. ಹುಸೇನನ ಮಗಳು ಚಾಂದಬೀಬಿ ಬಿಜಾಪುರದ ಸೊಸೆಯಾದಳು, ವರದಕ್ಷಿಣೆಯಾಗಿ ಸೋಲಾಪುರ ಕೋಟೆ ಬಂತು.

1565ರ ಜನವರಿಯಲ್ಲಿ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಈ ನಾಲ್ಕು ಕಡೆಯ ಸುಲ್ತಾನರ ಸೈನ್ಯ ತಾಳಿಕೋಟೆಯಲ್ಲಿ ಬೀಡುಬಿಟ್ಟಿತ್ತು. ಯುದ್ಧ ನಡೆದಿದ್ದು ಅಲ್ಲಿಂದ ದೂರ, ರಕ್ಕಸಗಿ-ತಂಗಡಗಿಯ ಕಡೆ, ಕೃಷ್ಣೆಯ ದಂಡೆಯಲ್ಲಿ. ಪರ್ಷಿಯನ್ ಚರಿತ್ರೆಕಾರ ಫೆರಿಷ್ತಾ ಹೇಳುವ ಪ್ರಕಾರ ನಡುಸಾಲಿನಲ್ಲಿ ಅಹ್ಮದ್‌ನಗರದ 600 ಫಿರಂಗಿಗಳು ಮೂರು ಸಾಲಾಗಿ ನಿಂತಿದ್ದವು. ಎದುರಿನವರಿಗೆ ಕಾಣದಂತೆ ಮುಂದೆ 2,000 ಬಿಲ್ಲಾಳುಗಳು. ವಿಜಯನಗರದವರು ಹತ್ತಿರ ಬಂದ ಕೂಡಲೇ ಬಿಲ್ಲಾಳುಗಳು ಸರಿದರು, ಫಿರಂಗಿಗಳು ಬಾಯಿಬಿಟ್ಟವು. ತೀರಾ ಹತ್ತಿರ ಬಂದಾಗ ಗುಂಡಿನ ಬದಲು ತಾಮ್ರದ ಕಾಸಿನ ಚೀಲಗಳನ್ನೇ ತುಂಬಿ ಹಾರಿಸಿದರು. ವಯಸ್ಸಾದ ರಾಮರಾಯ ಪಲ್ಲಕ್ಕಿಯಲ್ಲಿದ್ದ. ಆನೆಯೊಂದು ನುಗ್ಗಿದಾಗ ಹೊರುವವರು ಕೆಳಗಿಟ್ಟು ಓಡಿದರು. ಸೆರೆ ಸಿಕ್ಕ, ತಲೆ ಹೋಯಿತು.

ಫೆರಿಷ್ತಾ ಇದನ್ನು ಬರೆದಿದ್ದು ಸುಮಾರು ನಲವತ್ತು ವರ್ಷದ ನಂತರ, ಬಿಜಾಪುರದ ಆಸರೆಯಲ್ಲಿ. ಯುದ್ಧವಾದ ಎರಡೇ ವರ್ಷದಲ್ಲಿ ಹಂಪಿಗೆ ಬಂದ ವೆನಿಸ್‌ನ ವ್ಯಾಪಾರಿ ಚೆಸಾರೆ ಫೆದರಿಚಿ ಬೇರೆ ಮಾತು ಹೇಳಿದ: ರಾಮರಾಯನ ಇಬ್ಬರು ಮುಸ್ಲಿಂ ಸರದಾರರು ಯುದ್ಧದ ನಡುವೆ ಪಕ್ಷ ಬದಲಿಸಿದರು. ಅವನು ಅವರ ಹೆಸರು ಹೇಳಲಿಲ್ಲ. ನಂತರದ ಕಥೆಗಳಲ್ಲಿ ಅವರು ಗಿಲಾನಿ ಸಹೋದರರಾದರು. ಎರಡು ಸಾಕ್ಷ್ಯಗಳಲ್ಲಿ ಯಾವುದನ್ನೂ ಕಸಕ್ಕೆ ಹಾಕುವಂತಿಲ್ಲ, ಎರಡೂ ಒಟ್ಟಿಗೆ ನಿಜವಿರಬಹುದು.

ಮದ್ರಾಸ್ ಸಿವಿಲ್ ಸರ್ವಿಸ್‌ನಿಂದ ನಿವೃತ್ತನಾಗಿದ್ದ ರಾಬರ್ಟ್ ಸೀವೆಲ್ 1900ರಲ್ಲಿ ಪೋರ್ಚುಗೀಸರ ಬರಹಗಳನ್ನು ಇಂಗ್ಲಿಷಿಗೆ ತಂದು, ಮರೆತುಹೋದ ಸಾಮ್ರಾಜ್ಯದ ಚರಿತ್ರೆ ಬರೆದ. ದಕ್ಷಿಣದ ಹಿಂದೂಗಳ ಕೋಟೆಗೋಡೆ ಎಂಬ ಚಿತ್ರ ಅಲ್ಲಿ ಗಟ್ಟಿಯಾಯಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಬಂತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಆಗ ಹೆಮ್ಮೆ ಪಡಲು ಒಂದು ರಾಜಧಾನಿ ಬೇಕಿತ್ತು, ಹಂಪಿ ಅದಾಯಿತು. 1936ರಲ್ಲಿ ಆರುನೂರನೇ ವರ್ಷದ ಉತ್ಸವವೂ ನಡೆಯಿತು. ಏಕೀಕರಣದ ಕನಸಿಗೆ ಆ ನೆನಪು ಕೊಟ್ಟ ಬಲ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವುದು ತಪ್ಪು. ಆದರೆ ಕಂಪನಿ ನಾಟಕ, ಕಾದಂಬರಿ, ಸಿನಿಮಾ, ಪಾಠಪುಸ್ತಕ ಅಂತ ಕಥೆ ಕೈಯಿಂದ ಕೈಗೆ ಸಾಗುವಾಗ ಒಂದೊಂದೇ ಸಂಗತಿ ಉದುರಿತು. ದ್ರೋಹಿಯ ಪಾತ್ರಕ್ಕೆ ಒಬ್ಬ ನಟ ಸಾಕು. ಆರುನೂರು ಫಿರಂಗಿ, ಅವುಗಳನ್ನು ಎಳೆಯುವ ಎತ್ತು, ಮದ್ದಿನ ಗಾಡಿಗಳನ್ನು ರಂಗದ ಮೇಲೆ ತರುವುದು ಹೇಗೆ? ಹೀಗೆ ದ್ರೋಹ ಉಳಿಯಿತು, ಫಿರಂಗಿ ಹಿನ್ನೆಲೆಯ ಸದ್ದಾಯಿತು. ಸುಲ್ತಾನರ ನಾಲ್ಕು ಮುಖ ಸೇರಿ ಒಂದೇ ಮುಖವಾಯಿತು. ಏಳು ವರ್ಷ ವಿಜಯನಗರದ ಅನ್ನ ತಿಂದು, ತೆಲುಗು ಕವಿಗಳನ್ನು ಪೋಷಿಸಿ, ಕೊನೆಗೆ ಎದುರು ಪಾಳೆಯದಲ್ಲಿ ನಿಂತ ಇಬ್ರಾಹಿಮನಂಥ ಪಾತ್ರ ಕಾದಂಬರಿಕಾರನಿಗೆ ಹುಡುಕಿದರೂ ಸಿಗುವುದಿಲ್ಲ. ಅವನು ಹೆಚ್ಚಿನ ಕಥೆಗಳಲ್ಲಿ ಹೆಸರಿಗೆ ಮಾತ್ರ ಬರುತ್ತಾನೆ.

ಸಾಮ್ರಾಜ್ಯವೂ ಆ ಒಂದು ದಿನದಲ್ಲಿ ಮುಗಿಯಲಿಲ್ಲ. ರಾಮರಾಯನ ತಮ್ಮ ತಿರುಮಲ ಪೆನುಕೊಂಡಕ್ಕೆ ಹೋದ, 1570ರಲ್ಲಿ ಪಟ್ಟ ಕಟ್ಟಿಸಿಕೊಂಡ, ಅರವೀಡು ವಂಶ ಮುಂದಿನ ಶತಮಾನದಲ್ಲೂ ಆಳಿತು. ಅದಕ್ಕೂ ಮೊದಲು ಅವನು ಹಂಪಿಯಲ್ಲೇ ಮತ್ತೆ ನೆಲೆಯೂರಲು ನೋಡಿದ್ದ. ಎಲ್ಲಕ್ಕಿಂತ ಮೊದಲು ಅವನಿಗೆ ಬೇಕಾಗಿದ್ದು ಕುದುರೆ. ಯುದ್ಧದಲ್ಲಿ ಕಳೆದುಹೋದ, ತನ್ನ ಮುದ್ರೆಯಿದ್ದ ಕುದುರೆಗಳನ್ನು ಯಾರೇ ತಂದರೂ ಒಳ್ಳೆಯ ಬೆಲೆ ಕೊಡುತ್ತೇನೆಂದು ವ್ಯಾಪಾರಿಗಳಿಗೆ ಮಾತು ಕೊಟ್ಟ. ಅವರು ತಂದರು. ಸಾಕಷ್ಟು ಕುದುರೆ ಸೇರಿದ ಮೇಲೆ ಒಂದು ಕಾಸನ್ನೂ ಕೊಡದೆ ಅವರನ್ನು ಹೊರಗೆ ಕಳಿಸಿದ ಎಂದು ಆಗ ಅಲ್ಲೇ ಏಳು ತಿಂಗಳು ಇದ್ದ ಫೆದರಿಚಿ ಬರೆದಿದ್ದಾನೆ.